ಪೈಪು ಎಳೆದವರು ಯಾರು? ಗೆಳೆಯ ನಾಗುವಿಗೊಂದು ಪತ್ರ

ಪ್ರಿಯ ನಾಗು,

ಇನ್ನು ಗುಣವಾಗದ ರೋಗಿಯ ವೆಂಟಿಲೇಟರ್ ತೆಗೆಯಬಹುದೇ, ಬೇಡವೇ ಅಂತ ಮೊನ್ನೆ ಫೋನಿನಲ್ಲಿ ನಡೆದ ನಮ್ಮ ಜಗಳ ಅರ್ಧಕ್ಕೇ ನಿಂತಿತು. ನಿನಗೆ ಬಸ್ಸು ಬಂತು, ನನಗೆ ಸಿಟ್ಟು ಬಂತು. “ಗಂಟಲಿನ ಪೈಪು ಎಳೆಯೋದಕ್ಕೂ ಕತ್ತು ಹಿಸುಕೋದಕ್ಕೂ ಏನು ವ್ಯತ್ಯಾಸ ಮಾರಾಯಾ?” ಅಂದೆಯಲ್ಲ, ಬಾಯಲ್ಲಿ ಉತ್ತರ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದೇ ಜಗಳ ಇನ್ನೂ ನಾಲ್ಕು ಮನೆಗಳಲ್ಲಿ ನಡೆಯುತ್ತಿರಬಹುದು ಅಂತ ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ನಿನ್ನ ಊರು, ಕೆಲಸ ಯಾವುದನ್ನೂ ಹೇಳುವುದಿಲ್ಲ, ಹೆದರಬೇಡ.

ದೊಡ್ಡಪ್ಪ ಹೋದದ್ದು ನಿನಗೆ ಗೊತ್ತು. ಹೇಗೆ ಹೋದ ಅನ್ನುವುದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ.

ಮೆದುಳಿನಲ್ಲಿ ರಕ್ತಸ್ರಾವ. ನಮ್ಮ ಜಿಲ್ಲೆಯವರ ಹಣೆಬರಹದಂತೆ ಗಂಟೆಗಟ್ಟಲೆ ಆಂಬುಲೆನ್ಸಿನಲ್ಲಿ ಕೂತು ಹೊರಗಿನ ದೊಡ್ಡ ಆಸ್ಪತ್ರೆ ಮುಟ್ಟಿದೆವು. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರು ಹೊರಬಂದು, “ವೆಂಟಿಲೇಟರ್ ಹಾಕೋದಾ ಬೇಡ್ವಾ ಬೇಗ ಹೇಳಿ. ಒಮ್ಮೆ ಹಾಕಿದ ಮೇಲೆ ತೆಗೆಯೋಕಾಗಲ್ಲ” ಅಂದರು. ದೊಡ್ಡಪ್ಪನ ಮಗ ಗಣಪಣ್ಣ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಹಾಕಿ ಅಂದೆವು.

19 ದಿನ. ಕೊನೆಗೊಂದು ಸಂಜೆ ಹಿರಿಯ ಡಾಕ್ಟರು ಒಳಗೆ ಕರೆದು, ದನಿ ತಗ್ಗಿಸಿ, “ಇನ್ನು ಇಟ್ಟುಕೊಂಡು ಪ್ರಯೋಜನ ಇಲ್ಲ, ಮನೆಗೆ ಕರ್ಕೊಂಡು ಹೋಗಿ” ಅಂದರು. ಆದರೆ ಕೌಂಟರಿನಲ್ಲಿ ಕೊಟ್ಟ ಫಾರ್ಮಿನಲ್ಲಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಕರೆದೊಯ್ಯುತ್ತಿದ್ದೇವೆ ಅಂತ ಇತ್ತು. ಗಣಪಣ್ಣ ಪೆನ್ನು ಹಿಡಿದುಕೊಂಡೇ, “ಸಲಹೆ ಕೊಟ್ಟವರು ಅವರೇ ಅಲ್ವಾ?” ಅಂದ. “ಫಾರ್ಮಾಲಿಟಿ ಸರ್” ಅಂದಳು ಕೌಂಟರಿನ ಹುಡುಗಿ.

ದಾರಿಯುದ್ದಕ್ಕೂ ಆಂಬುಲೆನ್ಸಿನ ಒಬ್ಬ ಹುಡುಗ, ಕೈಯಲ್ಲಿ ಒತ್ತಿ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಬಂದ. ಘಟ್ಟದ ತಿರುವುಗಳಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ದೊಡ್ಡಪ್ಪನ ಉಸಿರು. ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ಸರಿಸಿ ಗಾಡಿಗೆ ದಾರಿ ಮಾಡಿದರು. ದೊಡ್ಡಮ್ಮ ತುಳಸಿ ನೀರಿನ ತಂಬಿಗೆ ಹಿಡಿದು ಜಗಲಿಯಲ್ಲಿ ನಿಂತಿದ್ದಳು. ಹುಡುಗ “ನಿಲ್ಲಿಸಲಾ ಅಣ್ಣ?” ಅಂದ. ಯಾರೂ ಹೂಂ ಅನ್ನಲಿಲ್ಲ. ಗಣಪಣ್ಣ ಮುಖ ತಿರುಗಿಸಿದ, ಅದನ್ನೇ ಹೂಂ ಅಂದುಕೊಂಡು ಅವನು ಕೈ ಬಿಟ್ಟ. ಆಮೇಲೆ ಮುಕ್ಕಾಲು ಗಂಟೆ ಗೊರಗೊರ ಸದ್ದು. ಒಬ್ಬ ನರ್ಸ್ ಇಲ್ಲ, ಸಂಕಟ ತಗ್ಗಿಸುವ ಒಂದು ಇಂಜೆಕ್ಷನ್ ಇಲ್ಲ. ಆಸ್ಪತ್ರೆಯ ಲೆಕ್ಕದಲ್ಲಿ ದೊಡ್ಡಪ್ಪ ಅಲ್ಲಿ ಸತ್ತೇ ಇಲ್ಲ.

ಈಗ ಹೇಳು, ಪೈಪು ಎಳೆದವರು ಯಾರು? ಡಾಕ್ಟರೇ, ಸಹಿ ಹಾಕಿದ ಗಣಪಣ್ಣನೇ, ಇಪ್ಪತ್ತೆರಡು ವರ್ಷದ ಆ ಹುಡುಗನೇ?

ನನ್ನ ವಾದ ಇಷ್ಟೇ. ಚಿಕಿತ್ಸೆ ನಿಲ್ಲಿಸುವುದು ನಮ್ಮಲ್ಲಿ ಹೊಸದಾಗಿ ಶುರುವಾಗಬೇಕಾದದ್ದಲ್ಲ. ಕದ್ದುಮುಚ್ಚಿ, ಆಂಬುಲೆನ್ಸಿನಲ್ಲಿ, ಆಗಲೇ ನಡೆಯುತ್ತಿದೆ. ಅದು ಬೆಳಕಿನಲ್ಲಿ, ಔಷಧ ಇರುವ ಜಾಗದಲ್ಲಿ, ಹೊಣೆ ಹೊರುವವರ ಕೈಯಲ್ಲಿ ಆಗಲಿ ಅನ್ನುತ್ತೇನೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ದಾರಿ ತೆರೆಯಿತು, 2023ರಲ್ಲಿ ಅದರ ಕಟ್ಟುಪಾಡು ಸಡಿಲವಾಯಿತು, 2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಟಿವಿಯವರು ‘ದಯಾಮರಣ’ ಅಂತ ಕೂಗಿದರು. ಆರೋಗ್ಯ ಸಚಿವರಾಗಿದ್ದ ದಿನೇಶ್ ಗುಂಡೂರಾವ್ ಇದು ದಯಾಮರಣವಲ್ಲ, ಯಂತ್ರದ ಆಸರೆಯಲ್ಲಿದ್ದು ಚಿಕಿತ್ಸೆಗೆ ಸ್ಪಂದಿಸದವರಿಗೆ ಮಾತ್ರ ಅಂತ ಆಗಲೇ ಹೇಳಿದ್ದರು. ಸೂಜಿ ಚುಚ್ಚಿ ಸಾಯಿಸುವುದಕ್ಕೆ ಕೋರ್ಟು ಒಪ್ಪಿಲ್ಲ. ನನಗೂ ಅದು ಬೇಡ, ಅಲ್ಲಿ ನಾನು ನಿನ್ನ ಕಡೆಯೇ.

“ತೋಟದ ಆಸೆಗೆ ಮಕ್ಕಳೇ ಮುಗಿಸಿಬಿಡ್ತಾರೆ” ಅಂದೆ ನೀನು. ಮುಗಿಸುವ ಮಕ್ಕಳಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಈಗಿನ ಕ್ರಮದಲ್ಲಿ ಚಿಕಿತ್ಸೆ ಕೊಡುವ ಡಾಕ್ಟರು, ಜೊತೆಗಿಬ್ಬರು ತಜ್ಞರು ನೋಡಬೇಕು. ಆಮೇಲೆ ಇನ್ನೊಂದು ಮಂಡಳಿಯ ಮೂವರು ನೋಡಬೇಕು, ಅದರಲ್ಲೊಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರು. ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ದೊಡ್ಡಪ್ಪನ ವಿಷಯದಲ್ಲಿ ಎಷ್ಟು ಜನ ಬೇಕಾದರು? ಒಬ್ಬ ಮಗ, ಒಂದು ಸಹಿ. ಆಸೆಬುರುಕ ಮಗನಿಗೆ ಯಾವ ದಾರಿ ಸಲೀಸು?

ಇನ್ನೊಂದು. “ಹಾಕಿದ ಮೇಲೆ ತೆಗೆಯೋಕಾಗಲ್ಲ” ಅನ್ನುವ ಮಾತಿಗೆ ಹೆದರಿ ಎಷ್ಟೋ ಮನೆಯವರು ವೆಂಟಿಲೇಟರೇ ಬೇಡ ಅಂದುಬಿಡುತ್ತಾರೆ. ತೆಗೆಯಬಹುದು ಅಂತ ಗೊತ್ತಿದ್ದರೆ ನಾಲ್ಕು ದಿನ ಹಾಕಿ ನೋಡುವ ಧೈರ್ಯ ಬರುತ್ತದೆ. ಬದುಕಬಹುದಾದವರು ಬದುಕುತ್ತಾರೆ.

ನೀನು ಅರುಣಾ ಶಾನಭಾಗರ ಹೆಸರು ತೆಗೆದಾಗ ಮಾತ್ರ ನಾನು ಸುಮ್ಮನಾದೆ. ಹಳದೀಪುರದ ಹುಡುಗಿ, ನಮ್ಮ ಹೊನ್ನಾವರದ ಪಕ್ಕ. 1973ರ ನವೆಂಬರ್‌ನಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಅವರ ಮೇಲೆ ಆ ಹಲ್ಲೆ, ಮೆದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದರು. 2015ರ ಮೇ 18ರವರೆಗೆ, 41 ವರ್ಷಕ್ಕೂ ಹೆಚ್ಚು, ಅಲ್ಲಿನ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ನೋಡಿಕೊಂಡರು. ಅರುಣಾರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಅಂತ ಕೇಳಿದ್ದ ಪತ್ರಕರ್ತೆ ಪಿಂಕಿ ವಿರಾನಿ ಅವರ ಅರ್ಜಿಯನ್ನು 2011ರಲ್ಲಿ ಕೋರ್ಟು ತಳ್ಳಿದ್ದೂ ಮುಖ್ಯವಾಗಿ ಆ ನರ್ಸ್‌ಗಳ ಮಾತಿಗೆ ಬೆಲೆ ಕೊಟ್ಟು. ಆ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಅರುಣಾ ಆಗ ಯಂತ್ರದ ಮೇಲಿರಲಿಲ್ಲ, ತಾವಾಗಿಯೇ ಉಸಿರಾಡುತ್ತಿದ್ದರು. ಅವರಿಗೇನು ಬೇಕಿತ್ತು ಅನ್ನುವುದು ಮಾತ್ರ ಯಾರಿಗೂ ತಿಳಿಯಲಿಲ್ಲ. 25ರ ಹರೆಯದಲ್ಲಿ ಯಾರು ಅದನ್ನೆಲ್ಲ ಹೇಳಿಟ್ಟಿರುತ್ತಾರೆ?

ದೊಡ್ಡಪ್ಪ ಹೇಳಿದ್ದ. ಕೊನೆಕೊಯ್ಲಿನ ದಿನ ಚಾ ಕುಡಿಯುತ್ತಾ “ನನ್ನನ್ನು ಪೈಪಿಗೆ ಕಟ್ಟಬೇಡ್ರೋ” ಅಂದಿದ್ದ, ನಾವು ನಕ್ಕಿದ್ದೆವು. (ಉಪವಾಸವಿದ್ದು ದೇಹ ಬಿಡುವ ಜೈನರ ಸಲ್ಲೇಖನ, ಅದನ್ನು ಹೇಳುವ ಶ್ರವಣಬೆಳಗೊಳದ ಕಲ್ಲುಗಳನ್ನು ನಾನು ವಾದಕ್ಕೆ ಎಳೆಯುವುದಿಲ್ಲ. ಅದು ವ್ರತ. ದೊಡ್ಡಪ್ಪ ಏಕಾದಶಿಗೂ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡವನು.) ರಾತ್ರಿ ಎರಡು ಗಂಟೆಗೆ ಆ ಚಾ ಹೊತ್ತಿನ ಮಾತು ಯಾರ ನೆನಪಿಗೂ ಬರಲಿಲ್ಲ. ಬಂದಿದ್ದರೂ ಬಾಯಿಬಿಡುವ ಎದೆ ಇರಲಿಲ್ಲ.

ಒಂದು ಕಡೆ ನೀನು ಗೆದ್ದಿದ್ದೀಯ. ದುಡ್ಡು ಮುಗಿದು ಮನೆಗೆ ಬರುವವರನ್ನು ಈ ಸುತ್ತೋಲೆ ಉಳಿಸುವುದಿಲ್ಲ. ಬೆಂಗಳೂರಿನಲ್ಲಿ ಕ್ಯಾನ್ಸರಿನ ಕೊನೆಯ ಹಂತದವರನ್ನು ಕಾಸು ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯವಿದೆ. ನಮ್ಮ ದೊಡ್ಡಪ್ಪಂದಿರಿಗೆ ಅಂಥದ್ದು ಯಾವ ಊರಿನಲ್ಲಿದೆ? ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ನನಗೆ ಮಾತು ನಿಂತ ಮೇಲೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅನ್ನುವುದನ್ನು ಬರೆದಿಟ್ಟಿದ್ದೇನೆ, ಒಂದೂವರೆ ಪುಟ. ನನ್ನ ಪರವಾಗಿ ತೀರ್ಮಾನ ಹೇಳಬೇಕಾದವಳು ಅಂತ ಸುಮಾಳ ಹೆಸರು ಹಾಕಿದ್ದೇನೆ. “ಅಪಶಕುನ” ಅಂತ ಅವಳು ಅದನ್ನಿನ್ನೂ ಓದಿಲ್ಲ, ಗಾಡ್ರೇಜಿನಲ್ಲಿ ಸೀರೆಗಳ ಕೆಳಗೆ ತುರುಕಿದ್ದಾಳೆ. ಇಬ್ಬರು ಸಾಕ್ಷಿಗಳು ಬೇಕು, ಆಮೇಲೆ ನೋಟರಿ. ಒಂದು ಸಹಿ ಗಣಪಣ್ಣನದು. ಏನೂ ಕೇಳದೆ ಹಾಕಿಕೊಟ್ಟ.

ಎರಡನೆಯದು ಖಾಲಿ ಬಿಟ್ಟಿದ್ದೇನೆ. ಚೌತಿಗೆ ಬರುತ್ತೀಯಲ್ಲ, ಮೊದಲು ಓದು. ಜಗಳ ಮುಂದುವರಿಸುವುದಿದ್ದರೆ ಮುಂದುವರಿಸು, ಕೆಸುವಿನ ಪತ್ರೊಡೆಯಂತೂ ಇರುತ್ತದೆ.

ನಿನ್ನ,
ಶ್ರೀಧರ