ಕೂಡಿ ಹೇಳುವವರೆಗೂ ಕಾದವರಿಗೆ

ಇವತ್ತಿಗೆ ನನಗೆ ಬೇರೆ ಹೃದಯ ಹಾಕಿ ಒಂದು ವರ್ಷ. ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನ ದಿನಸಿ ಅಂಗಡಿ ಮತ್ತೆ ತೆರೆದು ಐದು ತಿಂಗಳು. ಸಿಕ್ಕವರೆಲ್ಲ "ಹಾರ್ಟ್ ಹೇಗಿದೆ ಅಣ್ಣ?" ಅಂತ ಕೇಳುತ್ತೀರಿ. ಹಾರ್ಟ್ ಚೆನ್ನಾಗಿದೆ. ಆದರೆ ನಾನು ನಿಮಗೆ ಋಣಿಯಾಗಿರುವುದು ತಲೆಯ ವಿಷಯಕ್ಕೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಮೊದಲು ಹೃದಯ ಕೊಟ್ಟ ಮನೆಯವರಿಗೆ ಕೈ ಮುಗಿಯುತ್ತೇನೆ. ಅವರು ಯಾರೆಂದು ನನಗೆ ಗೊತ್ತಿಲ್ಲ, ಆಸ್ಪತ್ರೆಯವರು ಹೇಳುವುದೂ ಇಲ್ಲ. ತೆಗೆದ ಹೃದಯ ಸುಮಾರು 4 ಗಂಟೆಯೊಳಗೆ ಇನ್ನೊಂದು ಎದೆ ಸೇರಬೇಕಂತೆ. ಮನೆಮಗನನ್ನು ಕಳೆದುಕೊಂಡ ಹೊತ್ತಿನಲ್ಲಿ, ಅಷ್ಟು ಬೇಗ, ಅವರು ಹೂಂ ಅಂದರು. ಆ್ಯಂಬುಲೆನ್ಸಿಗೆ ದಾರಿ ಬಿಡಿಸಿದ ಟ್ರಾಫಿಕ್ ಪೊಲೀಸರಿಗೂ ನನ್ನ ನಮಸ್ಕಾರ.

ಇಪ್ಪತ್ತು ಸಾಮಾನಿನ ಚೀಟಿಯನ್ನು ಬಾಯಲ್ಲೇ ಕೂಡುತ್ತಿದ್ದವನು ನಾನು. ಹೃದಯ ಸೋಲುತ್ತಾ ಬಂದ ಎರಡು ವರ್ಷದಲ್ಲಿ ಆ ಲೆಕ್ಕವೂ ಕೈಕೊಟ್ಟಿತು. ಸಕ್ಕರೆ ಕೇಳಿದವರಿಗೆ ರವೆ ಕಟ್ಟುತ್ತಿದ್ದೆ. ಕೊಟ್ಟ ಸಾಲ ಬರೆಯಲು ಮರೆಯುತ್ತಿದ್ದೆ. ಸುಸ್ತಿಗೆ ಹೀಗಾಗುತ್ತಿದೆ ಅಂದುಕೊಂಡೆ. ಹೃದಯ ಸರಿಯಾಗಿ ರಕ್ತ ತಳ್ಳದಿದ್ದರೆ ಮಿದುಳಿಗೂ ರಕ್ತ ಸಾಲುವುದಿಲ್ಲ, ನೆನಪು, ಗಮನ ಎರಡೂ ಕುಂದುತ್ತವೆ ಅಂತ ಬೆಂಗಳೂರಿನ ಡಾಕ್ಟರು ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು.

ಆಪರೇಷನ್ ಆಗಿ ಐಸಿಯುನಲ್ಲಿದ್ದಾಗ ನಾಲ್ಕು ದಿನ ನನಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಮಾನಿಟರ್ ಸದ್ದನ್ನು ಕಾರ್ಖಾನೆ ಸೈರನ್ ಅಂದುಕೊಂಡು, ಅಂಗಡಿ ತೆಗೆಯಬೇಕು ಅಂತ ಏಳಲು ಹೋಗುತ್ತಿದ್ದೆನಂತೆ. ದೊಡ್ಡ ಆಪರೇಷನ್ ಆದವರಲ್ಲಿ ಇಂಥ ಗಲಿಬಿಲಿ ಹೊಸದಲ್ಲ. ರಾತ್ರಿ ಪಾಳಿಯ ಸಿಸ್ಟರ್ ಒಂದು ದಿನವೂ ಗದರಲಿಲ್ಲ. ಕೈ ಹಿಡಿದು, "ಅಣ್ಣ, ಇದು ಆಸ್ಪತ್ರೆ. ಇವತ್ತು ಗುರುವಾರ. ಈಗ ರಾತ್ರಿ ಎರಡು ಗಂಟೆ" ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಆ ತಾಯಿಯ ಮುಖ ನನಗೆ ನೆನಪಿಲ್ಲ. ದನಿ ನೆನಪಿದೆ.

ಮನೆಗೆ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಅಂತ ನಂಬಿದ್ದೆ. ಮೂರನೇ ತಿಂಗಳು ಸೈಕಾಲಜಿಸ್ಟ್ ಒಂದು ಹಾಳೆ ಕೊಟ್ಟು, ಗಡಿಯಾರ ಬರೆದು 11 ಗಂಟೆ 10 ನಿಮಿಷ ತೋರಿಸಿ ಅಂದರು. ದೊಡ್ಡ ಮುಳ್ಳನ್ನು 2ರ ಮೇಲೆ ಇಡುವ ಬದಲು 10ರ ಮೇಲೆ ಇಟ್ಟೆ. 100ರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. 93, 86... ಅಲ್ಲಿಗೆ ನಿಂತುಬಿಟ್ಟೆ. ಅಂಗಡಿಯವನು ನಾನು. ಕಣ್ಣಲ್ಲಿ ನೀರು ಬಂತು. ಅವರು ನೀರು ಕೊಟ್ಟು ಕೂರಿಸಿ ಹೇಳಿದರು: ಹೃದಯ ಬದಲಾದ ಮೇಲೆ ಹಲವರ ತಲೆ ಚುರುಕಾಗುತ್ತದೆ, ಕೆಲವರಿಗೆ ಮರೆವು ಉಳಿದುಕೊಳ್ಳುತ್ತದೆ. ಹಿಂದಿನ ರಕ್ತದ ಕೊರತೆ, ಆಪರೇಷನ್, ಔಷಧಿ, ನಿದ್ದೆಗೇಡು, ಎಲ್ಲ ಸೇರಿರಬಹುದು. ನಿಮ್ಮ ತಪ್ಪೇನೂ ಇಲ್ಲ. ಆ ಕೊನೆಯ ಮಾತಿಗೆ ನಾನು ಎಷ್ಟು ಹಸಿದಿದ್ದೆ ಅಂತ ಆಗಲೇ ತಿಳಿದದ್ದು.

ದೇಹ ಈ ಹೃದಯವನ್ನು ಹೊರಗಿನದೆಂದು ತಿರಸ್ಕರಿಸದಿರಲು ಟ್ಯಾಕ್ರೋಲಿಮಸ್ ಮಾತ್ರೆ ಬೇಕು. 12 ಗಂಟೆಗೊಮ್ಮೆ, ಜೀವ ಇರುವವರೆಗೂ. ಮರೆಯುವವನಿಗೆ ಇದು ಎಂಥ ಕಷ್ಟ, ಅಲ್ವಾ? ಮಗಳು ಮೊಬೈಲಿನಲ್ಲಿ ಅಲಾರಂ ಇಟ್ಟಳು. ಹೆಂಡತಿ ಮಾತ್ರೆ ನುಂಗಿಸಿದ ತಕ್ಷಣ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾಳೆ. ಒಂದು ರಾತ್ರಿ ನುಂಗಿದ್ದನ್ನೇ ಮತ್ತೆ ನುಂಗಲು ಹೋದೆ. ಅವಳು ಏನೂ ಅನ್ನದೆ ಆ ಗೀಟಿನ ಮೇಲೆ ಬೆರಳಿಟ್ಟಳು.

ಪಕ್ಕದ ಮನೆ ಮೇಷ್ಟ್ರು ದಿನಾ ಸಂಜೆ ಮಾಸ್ಕ್ ಹಾಕಿಕೊಂಡು ಬಂದು ಚೌಕಾಬಾರ ಆಡಿಸಿದರು. ಕವಡೆ ಎಣಿಸುವುದು, ಕಾಯಿ ನಡೆಸುವುದು, ಎಲ್ಲ ನಾನೇ ಮಾಡಬೇಕು. ಎಷ್ಟು ಹೊತ್ತಾದರೂ ಅವರು ಹೇಳಿಕೊಡುತ್ತಿರಲಿಲ್ಲ.

ಇನ್ನು ನಮ್ಮ ಗಿರಾಕಿಗಳು. ಚಿಲ್ಲರೆ ಜಾಸ್ತಿ ಕೊಟ್ಟಾಗ ವಾಪಸ್ ತಂದುಕೊಟ್ಟಿರಿ. ನಾನು ತಡವರಿಸುವಾಗ ಒಬ್ಬರೂ ನನ್ನ ಮುಂದೆ ಮೊಬೈಲ್ ತೆಗೆದು ಲೆಕ್ಕ ಹಾಕಲಿಲ್ಲ. ಒಬ್ಬರು ಅಜ್ಜಿಯಂತೂ "ನಿಧಾನಕ್ಕೆ ಕೂಡಪ್ಪ, ನಂಗೇನು ಅವಸರ" ಅಂತ ಅಕ್ಕಿ ಮೂಟೆ ಮೇಲೆ ಕೂತೇಬಿಟ್ಟರು.

ಹೋದ ವಾರ ಅದೇ ಅಜ್ಜಿಯ ಚೀಟಿ ಬಂತು. 14 ಸಾಮಾನು. ಬಾಯಲ್ಲೇ ಕೂಡಿ 1,386 ರೂಪಾಯಿ ಅಂದೆ. ಅಜ್ಜಿ ಮರುಮಾತಾಡದೆ ಎಣಿಸಿ ಕೊಟ್ಟರು. ಅವರು ಹೋದ ಮೇಲೆ ಬರೆದು ಕೂಡಿ ನೋಡಿದೆ. ಸರಿಯಾಗಿತ್ತು.