ಲಕ್ಕುಂಡಿಯ ಆ ಅಜ್ಜಿಗೆ

ಗದಗದ ಪಕ್ಕದ ಲಕ್ಕುಂಡಿಯಲ್ಲಿ ಕಾಶಿ ವಿಶ್ವನಾಥ ಗುಡಿ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡಿಕೊಂಡು ಹೊರಟಿದ್ದೆ. "ಮುಸುಕಿನ ಬಾವಿ ನೋಡದಽ ಹೊಂಟ್ರೇನ್ರಿ?" ಎಂದು ತಡೆದು, ಮಂಡಿನೋವಿದ್ದರೂ ಮಾಣಿಕೇಶ್ವರ ಗುಡಿಯವರೆಗೆ ಜೊತೆಗೇ ಬಂದಿರಿ. ಗುಡಿಗೆ ಅಂಟಿಕೊಂಡೇ ಬಾವಿ. ಇಳಿಯಲು ಮೆಟ್ಟಿಲು, ಗೋಡೆಯಲ್ಲಿ ಪುಟಾಣಿ ಗುಡಿಗಳಂಥ ಗೂಡುಗಳು. ಜಾರುವ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, ಒಂದು ಗೂಡಿನ ಮೇಲಿನ ಪುಟ್ಟ ಶಿಖರದ ಕೆತ್ತನೆಯನ್ನು ಬೆರಳಿಟ್ಟು ತೋರಿಸಿದಿರಿ. ನೀರಿಗಿಳಿಯುವ ಜಾಗಕ್ಕೂ ಗರ್ಭಗುಡಿಯಷ್ಟೇ ಶ್ರದ್ಧೆ! ಇಡೀ ಊರಿನಲ್ಲಿ ನನಗೆ ಅದೇ ಎಲ್ಲಕ್ಕಿಂತ ಹೆಚ್ಚು. ದುಡ್ಡು ಕೊಡಹೋದರೆ ಗದರಿ, ಹೆಸರೂ ಹೇಳದೆ ಮನೆಕಡೆ ನಡೆದಿರಿ. ಅಜ್ಜಿ, ನಿಮಗೆ ಮನಸಾರೆ ಧನ್ಯವಾದ. ನಿಮ್ಮ ಮೊಮ್ಮಕ್ಕಳು ಯಾರಾದರೂ ಇದನ್ನು ಕಂಡರೆ ದಯವಿಟ್ಟು ನಿಮಗೆ ಓದಿ ಹೇಳಲಿ.