ಪದದ ಜೊತೆ ಒಂದು ವಾಕ್ಯವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಕಲಿಯುವವರಿಗಾಗಿ ನಿಮ್ಮ ಪತ್ರಿಕೆಯಲ್ಲಿ ಬರುವ ಪದಜೋಡಿಗಳ ಅಂಕಣವನ್ನು ತಪ್ಪದೇ ಓದುತ್ತೇನೆ. ದೊಡ್ಡವರಿಗೆ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುವವಳು ನಾನು. ಇಂಥ ಅಂಕಣ ಬೇಕೇ ಬೇಕು. ಆದರೆ ಪದದ ಮುಂದೆ ಸುಮ್ನೆ ಕನ್ನಡದ ಅರ್ಥ ಹಾಕಿಬಿಟ್ಟರೆ ಗೊಂದಲ ಕಳೆಯುವುದಿಲ್ಲ, ಕೆಲವು ಸಲ ಜಾಸ್ತಿಯೇ ಆಗುತ್ತದೆ.

‘ಬಾರೋ’ ಮತ್ತು ‘ಲೆಂಡ್’ ನೋಡಿ. ಎರಡರ ಮುಂದೆಯೂ ‘ಸಾಲ, ಎರವಲು’ ಅಂತಿದ್ದರೆ ಓದಿದವರು ‘ಕ್ಯಾನ್ ಐ ಲೆಂಡ್ ಯುವರ್ ಪೆನ್?’ ಅಂತಲೇ ಕೇಳುತ್ತಾರೆ. ಅದು ಅವರ ದಡ್ಡತನ ಖಂಡಿತ ಅಲ್ಲ. ಕನ್ನಡದಲ್ಲಿ ಸಾಲ ಅನ್ನುವುದು ಒಂದೇ. ಕೊಟ್ಟದ್ದೋ ತಗೊಂಡದ್ದೋ ಅನ್ನುವುದು ಅದರ ಪಕ್ಕದ ಕ್ರಿಯಾಪದದಿಂದ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಕೊಡುವುದು, ತಗೊಳ್ಳುವುದು ಪದದೊಳಗೇ ಸೇರಿಹೋಗಿದೆ. ಪೆನ್ ನಿಮ್ಮದು, ಬರೆಯಬೇಕಾದವಳು ನಾನು ಅಂದುಕೊಳ್ಳಿ. ಆಗ ನಾನು ಬಾರೋ ಮಾಡುತ್ತೇನೆ, ನೀವು ಲೆಂಡ್ ಮಾಡುತ್ತೀರಿ. ಬಾರೋ ಜೊತೆ ‘ಫ್ರಮ್’ ಬರುತ್ತದೆ, ಲೆಂಡ್ ಜೊತೆ ‘ಟು’. ಇಷ್ಟನ್ನು ಎರಡು ವಾಕ್ಯದಲ್ಲಿ ತೋರಿಸಿದರೆ ಮನಸ್ಸಿನಲ್ಲಿ ಕೂರುತ್ತದೆ.

ಕದಿಯುವುದಕ್ಕೆ ಹೇಳುವ ‘ಸ್ಟೀಲ್’ (steal), ‘ರಾಬ್’ ಕೂಡ ಹಾಗೇ. ಸ್ಟೀಲ್ ಮಾಡುವುದು ವಸ್ತುವನ್ನು. ರಾಬ್ ಮಾಡುವುದು ಮನುಷ್ಯರನ್ನು, ಇಲ್ಲವೇ ಬ್ಯಾಂಕು, ಅಂಗಡಿಯಂಥ ಜಾಗವನ್ನು. ಕಳ್ಳತನ, ದರೋಡೆ ಅಂತಷ್ಟೇ ಬರೆದರೆ ‘ದೇ ರಾಬ್ಡ್ ಮೈ ಫೋನ್’ ಯಾಕೆ ತಪ್ಪು ಅಂತ ತಿಳಿಯುವುದೇ ಇಲ್ಲ, ಅಲ್ವಾ?

‘ಹಿಸ್ಟಾರಿಕ್’, ‘ಹಿಸ್ಟಾರಿಕಲ್’ ಎರಡಕ್ಕೂ ನಾವು ‘ಐತಿಹಾಸಿಕ’ ಅಂದು ಮುಗಿಸುತ್ತೇವೆ. 1969ರ ಜುಲೈ 20ರಂದು ಮನುಷ್ಯ ಚಂದ್ರನ ಮೇಲೆ ಇಳಿದದ್ದು ಹಿಸ್ಟಾರಿಕ್. ಯಾರದೋ ಮನೆಯ ನೂರು ವರ್ಷ ಹಳೆಯ ಲೆಕ್ಕದ ಪುಸ್ತಕ ಹಿಸ್ಟಾರಿಕಲ್ ದಾಖಲೆ; ಅದರಲ್ಲಿ ದೊಡ್ಡ ಸಂಗತಿ ಏನೂ ಇರಬೇಕಿಲ್ಲ.

ದಿನಕ್ಕೆ ಐದಾರು ಜೋಡಿ ಬೇಡ, ಒಂದೇ ಸಾಕು. ಆ ಒಂದಕ್ಕೆ ಎರಡು ಪೂರ್ತಿ ವಾಕ್ಯ ಕೊಡಿ. ಜನ ಸಾಮಾನ್ಯವಾಗಿ ಮಾಡುವ ತಪ್ಪನ್ನೂ ಕೆಳಗೆ ಹಾಕಿ, ಅದು ತಪ್ಪು ಅಂತ ಎದ್ದು ಕಾಣುವ ಹಾಗೆ. ಮೊದಲು ‘ಹಿಯರ್’, ‘ಲಿಸನ್’ ತಗೊಂಡರೆ ತುಂಬಾ ಒಳ್ಳೆಯದು. ನಮ್ಮ ‘ಕೇಳು’ ಇವೆರಡಕ್ಕೂ ಆಗುತ್ತದೆ, ‘ಆಸ್ಕ್’ಗೂ ಆಗುತ್ತದೆ. ಹಾಗಾಗಿ ನನ್ನ ತರಗತಿಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ‘ಲಿಸನ್’ ಆದಮೇಲೆ ಬರಬೇಕಾದ ‘ಟು’ವನ್ನು ಚೆನ್ನಾಗಿ ಮಾತಾಡುವವರೂ ಬಿಟ್ಟುಬಿಡುತ್ತಾರೆ.

– ಒಬ್ಬ ಇಂಗ್ಲಿಷ್ ಶಿಕ್ಷಕಿ